ಹತ್ತದೇ ಇಳಿಯೋದು ಹೇಗೆ? ಶಿರಾಡಿ ಘಾಟಿಯ ಕಥೆ

ಪ್ರಶ್ನೆ: ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಸಕಲೇಶಪುರದವರೆಗೆ ಘಟ್ಟ ಹತ್ತಿದ ಹಾಗೇ ಅನಿಸುವುದಿಲ್ಲ. ಆಮೇಲೆ ಶಿರಾಡಿ ಘಾಟಿಯಲ್ಲಿ ಬರೀ ಇಳಿಜಾರು. ಆಫ್ರಿಕಾದ ರಿಫ್ಟ್ ಕಣಿವೆಯ (ನೆಲ ಸೀಳಿ ಆದ ಕಣಿವೆ) ಅಂಚೂ ಹೀಗೇ ಇದೆಯಂತೆ. ಎರಡೂ ಒಂದೇನಾ?

ನಿಮಗೆ ಅನಿಸಿದ್ದು ಸರಿ. ನೀವು ಹತ್ತಲೇ ಇಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಸಕಲೇಶಪುರವೂ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಘಟ್ಟ ಅಂದರೆ ಎರಡೂ ಕಡೆ ಇಳಿಜಾರಿರುವ ಬೆಟ್ಟದ ಸಾಲು ಅಂತ ನಾವು ಅಂದುಕೊಂಡಿದ್ದೇವೆ, ಆದರೆ ಅದು ಒಂದು ದೊಡ್ಡ ಜಗಲಿಯ ಅಂಚು. ಕರಾವಳಿಯವರ ಮಾತು ಕೇಳಿ ನೋಡಿ. ಬೆಂಗಳೂರಿಗೆ ಹೋದವರನ್ನೂ ‘ಘಟ್ಟದ ಮೇಲೆ ಇದ್ದಾರೆ’ ಅನ್ನುತ್ತಾರೆ. ‘ಘಟ್ಟದ ಆಚೆ’ ಅಂತಲ್ಲ, ‘ಮೇಲೆ’. ಭೂವಿಜ್ಞಾನದ ಲೆಕ್ಕದಲ್ಲೂ ಆ ಮಾತೇ ಸರಿ.

ಈ ಅಂಚು ಹೇಗೆ ಬಂತು? ಕಲೆಸಿದ ಚಪಾತಿ ಹಿಟ್ಟನ್ನು ಮುಚ್ಚದೆ ಬಿಟ್ಟರೆ ಮೇಲೆ ಸಿಪ್ಪೆ ಕಟ್ಟುತ್ತದೆ ಅಲ್ವಾ? ಆ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳಗಿನ ಮೆತ್ತನೆ ಹಿಟ್ಟು ಹಿಗ್ಗುತ್ತದೆ, ಮೇಲಿನ ಒಣ ಸಿಪ್ಪೆ ಹಿಗ್ಗಲಾರದೆ ಬಿರಿಯುತ್ತದೆ, ನಡು ತಗ್ಗುತ್ತದೆ, ಎರಡು ಬದಿಯ ಅಂಚು ಮಾತ್ರ ಎತ್ತರದಲ್ಲೇ ಉಳಿಯುತ್ತದೆ. ಭೂಮಿಯ ಹೊರಪದರವೂ ಎಳೆತಕ್ಕೆ ಸಿಕ್ಕಾಗ ಹೀಗೇ ಆಗುತ್ತದೆ. ಪೂರ್ವ ಆಫ್ರಿಕಾದಲ್ಲಿ ಅದು ಈಗಲೂ ನಡೆಯುತ್ತಿದೆ, ವರ್ಷಕ್ಕೆ ಕೆಲವೇ ಮಿಲಿಮೀಟರ್. ಕೀನ್ಯಾದ ನೈರೋಬಿಯಿಂದ ನೈವಾಶಾ ಸರೋವರದ ಕಡೆ ಹೊರಟರೆ ಎತ್ತರದ ನೆಲದಲ್ಲೇ ಸಾಗಿ, ಒಮ್ಮೆಲೇ ಕಣಿವೆಯ ಅಂಚಿಗೆ ಬಂದು ನಿಲ್ಲುತ್ತೀರಿ.

ಅಲ್ಲಿ ಕಣಿವೆಗೆ ಎರಡು ಗೋಡೆ ಇವೆ. ನಮ್ಮ ಘಟ್ಟದ ಎದುರು ಗೋಡೆ ಎಲ್ಲಿ? ಅದು ಒಂದು ಕಾಲದಲ್ಲಿ ನಮಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಜೊತೆ ಹೋಯಿತು! ಸುಮಾರು 8.8 ಕೋಟಿ ವರ್ಷಗಳ ಹಿಂದೆ ಇಲ್ಲಿನ ಬಿರುಕು ಅಗಲವಾಗಿ, ನಡುವೆ ಕಡಲು ನುಗ್ಗಿತು. ಆ ದ್ವೀಪದ ಪೂರ್ವ ಕರಾವಳಿಯ ಉದ್ದಕ್ಕೂ ನಮ್ಮದರಂತೆಯೇ ಕಡಿದಾದ ಅಂಚಿದೆ, ಮುಖ ಮಾತ್ರ ಪೂರ್ವಕ್ಕೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ಕಂಬವಾಗಿ ನಿಂತ ಕಲ್ಲುಗಳನ್ನು ಮುಟ್ಟಬಹುದು, ಅದು ಆ ಅಗಲಿಕೆಯ ಕಾಲದಲ್ಲಿ ಉಕ್ಕಿ ಆರಿದ ಲಾವಾ. ನನಗೆ ಕರ್ನಾಟಕದಲ್ಲಿ ಅದಕ್ಕಿಂತ ಇಷ್ಟದ ಕಲ್ಲಿಲ್ಲ.

ಹಾಗಂತ ಎರಡೂ ಒಂದೇ ಅಲ್ಲ. ಕೀನ್ಯಾದಲ್ಲಿ ಕಾಣುವ ಗೋಡೆ ನೆಲ ಸೀಳಿ ಜಾರಿದ ಜಾಗವೇ. ನಮ್ಮದು ಹಳೆಯ ಅಂಚನ್ನು ಮಳೆ, ಹೊಳೆಗಳು ಕೊರೆದು ಕೊರೆದು ಪೂರ್ವಕ್ಕೆ ಸರಿಸಿದ ಗೋಡೆ, ಅದಕ್ಕೇ ಇವತ್ತು ಕಡಲಿಗೂ ಘಟ್ಟಕ್ಕೂ ನಡುವೆ ಕರಾವಳಿಯ ಬಯಲಿದೆ. ಕೊರೆತ ಇನ್ನೂ ನಿಂತಿಲ್ಲ. ಜೋಗದಲ್ಲಿ ಶರಾವತಿ 253 ಮೀಟರ್ ಬೀಳುವುದು ಇದೇ ಅಂಚಿನಲ್ಲಿ. ಈ ಅಂಚು ಇಳಿಯಲು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ರೈಲು ದಾರಿಗೆ 57 ಸುರಂಗ ಬೇಕಾದವು.

ಜಗಲಿ ಪೂರ್ವಕ್ಕೆ ವಾಲಿದೆ. ಹಾಗಾಗಿ ಅಂಚಿನಿಂದ ಒಂದು ಹೆಜ್ಜೆ ಈಚೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ, ಇಡೀ ದಕ್ಷಿಣ ಭಾರತ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದು ಹೆಜ್ಜೆ ಆಚೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಹಿಡಿದು ಮಂಗಳೂರಿನಲ್ಲೇ ಕಡಲು ಸೇರುತ್ತದೆ. ಬಿಸಿಲೆ ದಾರಿಯಲ್ಲಿ ಹೋದರೆ ಆ ನೀರು ಬೇರೆಯಾಗುವ ಏಣು ಸಿಗುತ್ತದೆ. ಗಾಡಿ ನಿಲ್ಲಿಸಿ, ಎರಡೂ ಕಡೆ ಒಂದೊಂದು ಕಾಲಿಟ್ಟು ನಿಂತು ನೋಡಿ.