ಉಕ್ಕಿನ ತಂತಿಯಲ್ಲಿ ಆಲಾಪ: ರಾಬಿ ಬಾಶೋ ಹಿಡಿದ ಹಾದಿ

ಅಮೆರಿಕದ ಜಾನಪದ ಸಂಗೀತದಲ್ಲಿ ಉಕ್ಕಿನ ತಂತಿಯ ಗಿಟಾರ್ ಬಹುಕಾಲ ಹಾಡಿಗೆ ಜೊತೆ ಕೊಡುವ ವಾದ್ಯವಾಗಿತ್ತು. ಅದೊಂದನ್ನೇ ಇಟ್ಟುಕೊಂಡು ಕಛೇರಿ ನಡೆಸಬಹುದು ಎಂಬ ನಂಬಿಕೆಗೆ ಬಲ ಬಂದದ್ದು 1959ರಲ್ಲಿ ಗಿಟಾರ್ ವಾದಕ ಜಾನ್ ಫೇಹಿ ಟಕೋಮಾ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಕಂಪನಿ ಶುರುಮಾಡಿದ ಮೇಲೆ. ಫೇಹಿ ನೆಚ್ಚಿದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬ್ಲೂಸ್ ಸಂಗೀತವನ್ನು. ಅವರ ಒಡನಾಡಿ ರಾಬಿ ಬಾಶೋ ಅದೇ ಗಿಟಾರನ್ನು ಸಾಧನೆಯ ದಾರಿಯಾಗಿ ಮಾಡಿಕೊಂಡರು.

1940ರಲ್ಲಿ ಬಾಲ್ಟಿಮೋರ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಅನಾಥರಾಗಿ, ರಾಬಿನ್ಸನ್ ಕುಟುಂಬಕ್ಕೆ ದತ್ತು ಹೋದವರು ಅವರು. ಡೇನಿಯಲ್ ರಾಬಿನ್ಸನ್ ಎಂಬ ಹೆಸರು ಬಿಟ್ಟು ಜಪಾನಿನ ಹೈಕು ಕವಿ ಬಾಶೋ ಹೆಸರನ್ನು ಇಟ್ಟುಕೊಂಡರು. 1962ರಲ್ಲಿ ರವಿಶಂಕರರ ಸಿತಾರ್ ಕೇಳಿದ್ದೇ ತಿರುವು. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಅಲಿ ಅಕ್ಬರ್ ಖಾನರ ಬಳಿ ಕಲಿತರು. ನಮ್ಮ ರಾಜೀವ ತಾರಾನಾಥರಿಗೂ ಗುರುವಾಗಿದ್ದ ಸರೋದ್ ವಾದಕರೇ ಇವರು.

ಬಾಶೋ ಕೈಗೆ ಹೊಂದಿದ್ದು ಹನ್ನೆರಡು ತಂತಿಯ ಗಿಟಾರ್. ಆರು ಜೋಡಿ ತಂತಿಗಳನ್ನು ಒಂದೇ ಸ್ವರಮೇಳಕ್ಕೆ ಶ್ರುತಿ ಮಾಡಿದರೆ, ಒತ್ತದೆ ಬಿಟ್ಟ ತಂತಿಗಳು ತಂಬೂರಿಯಂತೆ ಮೊಳಗುತ್ತಲೇ ಇರುತ್ತವೆ. ಅದರ ಮೇಲೆ ರಾಗ ನಿಧಾನವಾಗಿ ಬಿಚ್ಚಿಕೊಳ್ಳಬಹುದು. ಪ್ರತಿ ಶ್ರುತಿಗೂ ಒಂದು ಬಣ್ಣ, ಒಂದು ಭಾವ ಉಂಟೆಂದು ಅವರು ನಂಬಿದ್ದರು, ಅದನ್ನೊಂದು ಸಿದ್ಧಾಂತವಾಗಿಯೇ ಬೆಳೆಸಿದರು. ಆರೋಹಣ, ಅವರೋಹಣದ ಲೆಕ್ಕ ಹಿಡಿದು ಕೇಳುವವರಿಗೆ ಇದು ರಾಗವೇ ಅನಿಸದಿರಬಹುದು. ಅವರು ನಮ್ಮ ಸಂಗೀತದಿಂದ ತೆಗೆದುಕೊಂಡದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ಒಂದು ನಿಲುವನ್ನು: ನುಡಿಸುವುದೂ ಉಪಾಸನೆಯೇ. ಆತ್ಮ ಮೊದಲು, ಕೈಚಳಕ ಆಮೇಲೆ ಎಂಬುದು ಅವರ ಮಾತಿನ ತಾತ್ಪರ್ಯ.

ಮೊದಲ ಆಲ್ಬಂ 1965ರಲ್ಲಿ ಬಂತು. ಆ ದಶಕದ ಕೊನೆಯ ಹೊತ್ತಿಗೆ ಅವರು ಅಹ್ಮದ್‌ನಗರ ಸಮೀಪದ ಮೆಹೆರಾಬಾದಿನ ಮೆಹೆರ್ ಬಾಬಾ ಅವರ ಅನುಯಾಯಿಯಾಗಿ, ಬಾಬಾ ಹೆಸರಿನಲ್ಲಿ ಅಮೆರಿಕದಲ್ಲಿ ನಡೆಯುತ್ತಿದ್ದ ಸೂಫಿ ಸಂಘಟನೆ ಸೇರಿದರು. 1925ರಿಂದ 1969ರಲ್ಲಿ ದೇಹ ಬಿಡುವವರೆಗೂ ಮೌನ ಪಾಲಿಸಿದ ಗುರುವಿಗೆ ಎದೆ ಬಿರಿಯುವಂತೆ ಹಾಡುವ ಶಿಷ್ಯ! ಆ ತುಂಬುಕಂಠದ, ನಡುಗುವ ದನಿ ಅನೇಕರಿಗೆ ಹಿಡಿಸಲಿಲ್ಲ. ನನಗಂತೂ ಅವರ ಭಕ್ತಿ ಮುಚ್ಚುಮರೆಯಿಲ್ಲದೆ ಕೇಳುವುದು ಅಲ್ಲೇ. ಪರ್ಷಿಯಾದ ಛಾಯೆ, ಅಮೆರಿಕದ ಮೂಲನಿವಾಸಿಗಳ ಲೋಕ, ಬೆಟ್ಟ ನದಿಗಳು ಎಲ್ಲವೂ 1970ರ ದಶಕದ ಆಲ್ಬಂಗಳಲ್ಲಿ ಬಂದವು. ದುಡ್ಡು ಬರಲಿಲ್ಲ.

1978ರಲ್ಲಿ ಅವರ ಆಲ್ಬಂ ಹೊರತಂದ ವಿಂಡಮ್ ಹಿಲ್ ಕಂಪನಿಯ ಸ್ಥಾಪಕ ವಿಲಿಯಂ ಆಕರ್‌ಮನ್ ಬಾಶೋ ಬಳಿ ಗಿಟಾರ್ ಕಲಿತವರು. ಆ ಕಂಪನಿ ಮನಸ್ಸಿಗೆ ನೆಮ್ಮದಿ ಕೊಡುವ ‘ನ್ಯೂ ಏಜ್’ ಸಂಗೀತದ ದೊಡ್ಡ ಹೆಸರಾಯಿತು. ಬಾಶೋ ಮಾತ್ರ 1986ರಲ್ಲಿ, 45ನೇ ವಯಸ್ಸಿನಲ್ಲಿ, ಕುತ್ತಿಗೆಯ ಚಿಕಿತ್ಸೆಯ ವೇಳೆ ಪಾರ್ಶ್ವವಾಯು ಬಡಿದು ತೀರಿಕೊಂಡರು. ಕಳೆದುಹೋಗಿದ್ದ ಅವರ ಧ್ವನಿಮುದ್ರಣಗಳು 2020ರಲ್ಲಿ ಐದು ಸಿಡಿಗಳಾಗಿ ಹೊರಬಂದಿವೆ.