ಮಾಚು ಪಿಚು ನೋಡಬೇಕಾದ್ದು ಬಿಸಿಲಲ್ಲೋ, ಮಳೆಯಲ್ಲೋ?

ಮಾಚು ಪಿಚುಗೆ ಯಾವಾಗ ಹೋಗೋದು ಅಂತ ಯಾರನ್ನೇ ಕೇಳಿ, ಜೂನ್, ಜುಲೈ, ಆಗಸ್ಟ್ ಅನ್ನುತ್ತಾರೆ. ಪೆರು ದೇಶದ ಆ ಬೆಟ್ಟಗಳಲ್ಲಿ ಅದು ಒಣಗಾಲ. ಆಕಾಶ ತಿಳಿಯಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ತಪ್ಪೇನಿಲ್ಲ ಬಿಡಿ. ಆದರೂ ನನಗೆ ಈ ಉತ್ತರ ಅರ್ಧಂಬರ್ಧ ಅನ್ನಿಸುತ್ತದೆ. ಯಾಕೆಂದರೆ 15ನೇ ಶತಮಾನದಲ್ಲಿ ಇಂಕಾ ಜನ ಆ ಊರು ಕಟ್ಟುವಾಗ ಅವರ ತಲೆಯಲ್ಲಿ ಓಡುತ್ತಿದ್ದ ದೊಡ್ಡ ಲೆಕ್ಕ ಬಿಸಿಲಿನದ್ದಲ್ಲ, ಮಳೆಯದ್ದು.

ಆ ಮಳೆ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡೋಣ. ಮಾಚು ಪಿಚು ಇರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ದಕ್ಷಿಣಕ್ಕೆ, ಆಂಡೀಸ್ ಬೆಟ್ಟಸಾಲು ಅಮೆಜಾನ್ ಕಾಡಿನ ಕಡೆ ಇಳಿಯುವ ಪೂರ್ವದ ಮಗ್ಗುಲಲ್ಲಿ. ಅಲ್ಲಿ ಬೇಸಿಗೆ ಬರುವುದು ಡಿಸೆಂಬರ್‌ನಲ್ಲಿ. ಸೂರ್ಯ ನೆತ್ತಿಗೆ ಬರುತ್ತಾನೆ, ನೆಲ ಕಾಯುತ್ತದೆ, ಅಮೆಜಾನ್ ಕಡೆಯ ತೇವದ ಗಾಳಿ ಬೆಟ್ಟಕ್ಕೆ ಅಡ್ಡಸಿಕ್ಕಿ ಮೇಲೇರುತ್ತದೆ, ಏರಿದಂತೆ ತಣ್ಣಗಾಗಿ ಹೊತ್ತು ತಂದ ನೀರನ್ನೆಲ್ಲ ಅಲ್ಲೇ ಸುರಿಸುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಇದೇ ಕಥೆ. ಜನವರಿ, ಫೆಬ್ರವರಿಯಲ್ಲಂತೂ ಜಾಸ್ತಿ. ಜೂನ್ ಹೊತ್ತಿಗೆ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ, ಮಳೆಯೂ ಅವನ ಬೆನ್ನು ಹತ್ತಿ ಹೋಗಿರುತ್ತದೆ. ಹಾಗಂತ ಪೂರ್ತಿ ಒಣಗಿರುತ್ತದೆ ಅಂದುಕೊಳ್ಳಬೇಡಿ. ಇದು ಸದಾ ಮಂಜು ಕವಿಯುವ ಕಾಡು, ಜುಲೈನಲ್ಲೂ ಒಂದೆರಡು ಮಳೆ ಬಂದು ಹೋಗುತ್ತದೆ.

ಒಣಗಾಲಕ್ಕೆ ಅದರದ್ದೇ ಕಾಟಗಳಿವೆ. ಮೋಡವಿಲ್ಲದ ರಾತ್ರಿ ನೆಲದ ಶಾಖವನ್ನು ತಡೆಯುವವರೇ ಇಲ್ಲ, ಅದು ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಹಗಲಲ್ಲಿ ಚರ್ಮ ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ. ಅದರಲ್ಲೂ ಕುಸ್ಕೊ ಪಟ್ಟಣದಲ್ಲಿ. ಅಂದಹಾಗೆ, ಮಾಚು ಪಿಚು ಬಹಳ ಎತ್ತರ ಅಂತ ಹೆದರುವವರು ಗಮನಿಸಿ: ಅದು ಇರುವುದು ಸುಮಾರು 2430 ಮೀಟರ್ ಎತ್ತರದಲ್ಲಿ, ದಾರಿಯಲ್ಲಿ ಸಿಗುವ ಕುಸ್ಕೊ ಇರುವುದು 3400 ಮೀಟರ್ ಎತ್ತರದಲ್ಲಿ! ಅಂದರೆ ಪ್ರವಾಸಿಗರು ಅಲ್ಲಿಗೆ ಹತ್ತಿ ಹೋಗುವುದಲ್ಲ, ಇಳಿದು ಹೋಗುವುದು. ಏದುಸಿರು, ತಲೆನೋವು ಎಲ್ಲ ಸಾಮಾನ್ಯವಾಗಿ ಶುರುವಾಗುವುದು ಕುಸ್ಕೊದಲ್ಲೇ, ಮಳೆಗಾಲವಾಗಲಿ ಒಣಗಾಲವಾಗಲಿ.

ಜೂನ್‌ನಲ್ಲಿ ಮಾಚು ಪಿಚುಗೆ ಜನ ಮುಗಿಬೀಳುವುದಕ್ಕೆ ಇನ್ನೊಂದು ಕಾರಣವಿದೆ. ಜೂನ್ 21ರ ಆಸುಪಾಸು ಅಲ್ಲಿ ವರ್ಷದ ಅತಿ ಚಿಕ್ಕ ಹಗಲು. ಆ ಬೆಳಿಗ್ಗೆ ಸೂರ್ಯನ ದೇಗುಲ ಅಂತ ಕರೆಯುವ ದುಂಡು ಗೋಡೆಯ ಕಟ್ಟಡದ ಕಿಟಕಿಯಿಂದ ಬಿಸಿಲು ನೇರವಾಗಿ ಒಳಗಿನ ಬಂಡೆಯ ಮೇಲೆ ಬೀಳುತ್ತದೆ. 24ಕ್ಕೆ ಕುಸ್ಕೊದಲ್ಲಿ ಇಂತಿ ರೈಮಿ, ಅಂದರೆ ಸೂರ್ಯನ ಹಬ್ಬ. ನೋಡುವಂಥದ್ದೇ. ಆದರೆ ಕಲ್ಲಿಗಿಂತ ತಲೆಗಳೇ ಜಾಸ್ತಿ ಕಾಣುತ್ತವೆ ಅಷ್ಟೆ.

ಈಗ ಮಳೆಗೆ ಬರೋಣ, ನನಗೆ ಇಷ್ಟದ ವಿಷಯ ಇದು. ಮಾಚು ಪಿಚುವಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 2000 ಮಿಲಿಮೀಟರ್ ಮಳೆ. ಜಾಗವೋ, ಎರಡು ಶಿಖರಗಳ ನಡುವಿನ ಕಡಿದಾದ ಏಣು. ಕೆಳಗೆ ಮೂರು ಕಡೆ ಬಳಸಿಕೊಂಡು ಹರಿಯುವ ಉರುಬಾಂಬ ನದಿ. ಬೇರೆ ಯಾರೇ ಕಟ್ಟಿದ್ದರೂ ಊರು ಜಾರಿ ಹೊಳೆಗೆ ಬೀಳುತ್ತಿತ್ತು ಅಲ್ವಾ? ಕೆನೆತ್ ರೈಟ್ ಎಂಬ ಅಮೆರಿಕದ ನೀರಾವರಿ ಎಂಜಿನಿಯರ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕಟ್ಟುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಅಡಿಯಲ್ಲಿದೆ, ಕಣ್ಣಿಗೆ ಕಾಣುವುದೇ ಇಲ್ಲ ಅನ್ನುವುದು ಅವರ ಲೆಕ್ಕ. ಫೋಟೋಗಳಲ್ಲಿ ಕಾಣುವ ಆ ಹಸಿರು ಮೆಟ್ಟಿಲು ಗದ್ದೆಗಳ ಒಳಗೆ ಮೇಲೆ ಮಣ್ಣು, ಅದರಡಿ ಮರಳು ಮತ್ತು ಜಲ್ಲಿ, ಇನ್ನೂ ಕೆಳಗೆ ದಪ್ಪ ಕಲ್ಲು. ನೀರು ಮೇಲೆ ಹರಿದು ಮಣ್ಣು ಕೊಚ್ಚುವ ಬದಲು ಸದ್ದಿಲ್ಲದೆ ಇಂಗಿ ಹೋಗುತ್ತದೆ. ಗೋಡೆಗಳಿಗೆ ಕಲ್ಲು ಕೆತ್ತುವಾಗ ಉಳಿದ ಚೂರುಗಳನ್ನೂ ಸುಮ್ನೆ ಎಸೆದಿಲ್ಲ, ನಡುವಿನ ಬಯಲಿನ ಅಡಿಗೆ ತುಂಬಿದ್ದಾರೆ. ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ನೀರುಕಿಂಡಿಗಳಿವೆ. ಕುಡಿಯುವ ನೀರಿನ ದಾರಿಯೇ ಬೇರೆ: ಬೆಟ್ಟದ ಒರತೆಯಿಂದ ಸುಮಾರು 750 ಮೀಟರ್ ಕಾಲುವೆ, ಕೊನೆಗೆ ಒಂದರ ಕೆಳಗೊಂದು 16 ಧಾರೆಗಳು.

2010ರ ಜನವರಿಯಲ್ಲಿ ಇದಕ್ಕೆಲ್ಲ ಪರೀಕ್ಷೆ ಬಂತು. ಭಾರಿ ಮಳೆಗೆ ಕಣಿವೆಯ ರೈಲು ಹಳಿ ಕೊಚ್ಚಿಹೋಯಿತು, ಸಾವಿರಾರು ಪ್ರವಾಸಿಗರು ಸಿಕ್ಕಿಬಿದ್ದು ಹೆಲಿಕಾಪ್ಟರ್‌ನಲ್ಲಿ ಹೊರಬಂದರು. ನಮ್ಮ ಕಾಲದ ಹಳಿ ಹೋಯಿತು. ಮೇಲಿನ ಹಳೇ ಊರು ಮಾತ್ರ ಹಾಗೇ ನಿಂತಿತ್ತು. ಆದರೂ ದಾರಿ ಸರಿಯಾಗಿ ಪ್ರವಾಸಿಗರನ್ನು ಮತ್ತೆ ಬಿಡುವ ಹೊತ್ತಿಗೆ ಏಪ್ರಿಲ್ ಬಂದಿತ್ತು.

ಆದ್ದರಿಂದ ನಡುಮಳೆಗಾಲಕ್ಕೆ ಹೋಗಿ ಅಂತ ನಾನು ಹೇಳುವುದಿಲ್ಲ. ನಡೆದು ಹೋಗುವ ಇಂಕಾ ದಾರಿಯನ್ನು ಪ್ರತಿ ಫೆಬ್ರವರಿ ದುರಸ್ತಿಗೆ ಮುಚ್ಚುತ್ತಾರೆ, ಗುಡ್ಡ ಕುಸಿಯುವ ಭಯ ಬೇರೆ. ನನ್ನ ಆಯ್ಕೆ ಏಪ್ರಿಲ್ ಕೊನೆ ಅಥವಾ ಮೇ ಮೊದಲು. ಮಳೆ ಹಿಂದೆ ಸರಿದಿರುತ್ತದೆ, ಹುಲ್ಲು ಇನ್ನೂ ಹಸಿರು, ಬೆಟ್ಟ ಕುಡಿದ ನೀರು ಒರತೆಗೆ ಇನ್ನೂ ಬರುತ್ತಿರುತ್ತದೆ. ಬೆಳಿಗ್ಗೆ ಮಂಜು ಕವಿದಿದ್ದರೆ ಬೇಜಾರಾಗಬೇಡಿ, ಬಿಸಿಲೇರಿದಂತೆ ಅದು ಸಾಮಾನ್ಯವಾಗಿ ಮೇಲೆದ್ದು ಹೋಗುತ್ತದೆ. ಅಷ್ಟು ಹೊತ್ತು ಏನು ಮಾಡುವುದು ಅಂದರೆ, ಆ ಧಾರೆಗಳ ಪಕ್ಕ ನಿಂತು ನೀರಿನ ಸದ್ದು ಕೇಳಿ.