ಜಶ್ಚೀತ್ನಿಕ್: ಐಸ್ ಹಾಕಿಯಲ್ಲಿ ಡಿಫೆಂಡರ್ ಅಂದರೆ ಯಾರು?

ರಷ್ಯನ್ ಭಾಷೆಯಲ್ಲಿ 'ಶ್ಚಿತ್' ಅಂದರೆ ಗುರಾಣಿ. ಅದರಿಂದ ಬಂದ ಪದ 'ಜಶ್ಚೀತ್ನಿಕ್'. ಅಡ್ಡ ನಿಂತು ಕಾಯುವವನು ಅಂತ ಅರ್ಥ. ಕೋರ್ಟಿನಲ್ಲಿ ಆರೋಪಿಯ ಪರ ನಿಲ್ಲುವ ವಕೀಲನಿಗೂ ಅಲ್ಲಿ ಇದೇ ಹೆಸರು. ಪ್ರತಿ ವರ್ಷ ಫೆಬ್ರವರಿ 23ರಂದು ಸೈನಿಕರಿಗಾಗಿ ಆಚರಿಸುವ ದಿನದ ಹೆಸರಲ್ಲೂ ಈ ಪದ ಇದೆ. ಐಸ್ ಹಾಕಿಯ ಡಿಫೆಂಡರ್‌ನನ್ನೂ ರಷ್ಯನ್ನರು ಜಶ್ಚೀತ್ನಿಕ್ ಅಂತಲೇ ಕರೆಯುತ್ತಾರೆ.

ನಮ್ಮ ಪತ್ರಿಕೆಗಳಲ್ಲಿ ಇದನ್ನು 'ರಕ್ಷಣಾ ಆಟಗಾರ' ಅಂತ ಬರೆಯುತ್ತಾರೆ. ಆ ಮಾತು ಕೇಳಿದ ಕೂಡಲೇ ಗೋಲಿನ ಮುಂದೆ ಗೋಡೆಯ ಹಾಗೆ ನಿಂತವನೊಬ್ಬ ಕಣ್ಣೆದುರು ಬರುತ್ತಾನೆ, ಅಲ್ವಾ? ಐಸ್ ಹಾಕಿಯಲ್ಲಿ ಅವನ ಕೆಲಸ ಅದಕ್ಕಿಂತ ಬಹಳ ಜಾಸ್ತಿ. ಅದನ್ನು ವ್ಯಾಚೆಸ್ಲಾವ್ ಫೆಟಿಸೊವ್ ಅವರ ಆಟದ ಬದುಕಿನ ಮೂಲಕ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಪ್ರಕಾರ ರಷ್ಯಾ ಕಂಡ ಅತಿ ದೊಡ್ಡ ಡಿಫೆಂಡರ್ ಅವರೇ.

ಮೊದಲು ಆಟದ ಲೆಕ್ಕ. ಒಂದು ತಂಡದಿಂದ ಒಮ್ಮೆಗೆ ಆರು ಜನ ಐಸ್ ಮೇಲೆ ಇರುತ್ತಾರೆ: ಒಬ್ಬ ಗೋಲ್‌ಕೀಪರ್, ಇಬ್ಬರು ಡಿಫೆಂಡರ್, ಮೂವರು ಫಾರ್ವರ್ಡ್. 20 ನಿಮಿಷದ ಮೂರು ಅವಧಿ. ಚೆಂಡಿನ ಬದಲು ಪಕ್ ಇರುತ್ತದೆ, ಗಟ್ಟಿ ರಬ್ಬರಿನ ಬಿಲ್ಲೆ. ಓಟ ಎಷ್ಟು ಜೋರು ಅಂದರೆ ಆಟಗಾರರು ಒಂದು ನಿಮಿಷದೊಳಗೇ ಸುಸ್ತಾಗಿ ಹೊರಗೆ ಬರುತ್ತಾರೆ, ಬೇರೆಯವರು ಒಳಗೆ ಹಾರುತ್ತಾರೆ.

ಈಗ ಡಿಫೆಂಡರ್‌ನನ್ನು ಹತ್ತಿರದಿಂದ ನೋಡೋಣ. ಎದುರಾಳಿ ಪಕ್ ಹಿಡಿದು ನುಗ್ಗಿ ಬರುತ್ತಿದ್ದಾನೆ. ಡಿಫೆಂಡರ್ ಅವನಿಗೆ ಮುಖ ಮಾಡಿ, ಅಷ್ಟೇ ವೇಗದಲ್ಲಿ ಹಿಂದಕ್ಕೆ ಜಾರುತ್ತಾನೆ. ಬೆನ್ನ ಹಿಂದೆ ಏನಿದೆ ಅಂತ ನೋಡುವ ಹಾಗಿಲ್ಲ. ಕಣ್ಣು ಪಕ್ ಮೇಲೂ ಇರಬಾರದು, ಯಾಕೆಂದರೆ ಪಕ್ ಮೋಸ ಮಾಡುತ್ತದೆ. ಎದುರಾಳಿಯ ಎದೆ ನೋಡಬೇಕು. ಕೈ ಎತ್ತ ಆಡಿದರೂ ಎದೆ ತಿರುಗಿದ ಕಡೆಗೇ ಮನುಷ್ಯ ಹೋಗುವುದು. ಒಂದು ಕೈಯಲ್ಲಿ ಸ್ಟಿಕ್ ಮುಂದೆ ಚಾಚಿ ಅವನನ್ನು ಸ್ವಲ್ಪ ಸ್ವಲ್ಪವೇ ಅಂಚಿಗೆ ತಳ್ಳಬೇಕು. ಪಕ್ ಸಿಕ್ಕಿತೋ, ಅಲ್ಲಿಂದ ಎರಡನೇ ಕೆಲಸ ಶುರು. ತಲೆ ಎತ್ತಿ ನೋಡಿ ಮೊದಲ ಪಾಸ್ ಕೊಡಬೇಕಾದವನು ಅವನೇ. ತಂಡದ ದಾಳಿ ಹುಟ್ಟುವುದು ಆ ಪಾಸ್‌ನಿಂದ. ಈ ಎರಡನೇ ಕೆಲಸದಲ್ಲಿ ಫೆಟಿಸೊವ್ ಅವರಿಗೆ ಸರಿಸಾಟಿ ಇರಲಿಲ್ಲ.

ಅವರು ಹುಟ್ಟಿದ್ದು 1958ರಲ್ಲಿ, ಮಾಸ್ಕೋದಲ್ಲಿ. ಸೇನೆಯ ಕ್ಲಬ್ ಸಿ.ಎಸ್.ಕೆ.ಎ.ಗೆ ಆಡಿದರು. ಆಗ ಅಲ್ಲಿ ಆಟಗಾರ ಲೆಕ್ಕಕ್ಕೆ ಸೈನಿಕನೂ ಆಗಿದ್ದ. 1980ರಲ್ಲಿ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಾಲೇಜು ಹುಡುಗರ ಎದುರು 4-3ರಿಂದ ಸೋತ ಸೋವಿಯತ್ ತಂಡದಲ್ಲಿ ಅವರೂ ಇದ್ದರು. ಬೆಳ್ಳಿ ಸಿಕ್ಕಿತು. ಆ ದೇಶದಲ್ಲಿ ಆಗ ಬೆಳ್ಳಿ ಅಂದರೆ ಅವಮಾನ. ಮುಂದೆ 1984ರ ಸರಯೇವೊ ಮತ್ತು 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ಗಳಲ್ಲಿ ಚಿನ್ನ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟು ಏಳು ಚಿನ್ನ.

ಇಲ್ಲಿ ಇನ್ನೊಂದು ಪದ ಬೇಕು: 'ಪ್ಯತ್ಯೋರ್ಕಾ'. 'ಪ್ಯಾತ್' ಅಂದರೆ ಐದು, ಪ್ಯತ್ಯೋರ್ಕಾ ಅಂದರೆ ಐವರ ಕೂಟ. ರಷ್ಯಾದ ಶಾಲೆಯಲ್ಲಿ ಮಕ್ಕಳಿಗೆ ಸಿಗುವ ಅತಿ ಹೆಚ್ಚಿನ ಅಂಕವೂ ಐದೇ, ಅದಕ್ಕೂ ಇದೇ ಹೆಸರು. ಬೇರೆ ಕಡೆ ಫಾರ್ವರ್ಡ್‌ಗಳನ್ನು ಬೇರೆ, ಡಿಫೆಂಡರ್‌ಗಳನ್ನು ಬೇರೆ ಬದಲಾಯಿಸುತ್ತಾರೆ. ಸೋವಿಯತ್ ತಂಡದಲ್ಲಿ ಐವರೂ ಒಟ್ಟಿಗೆ ಇಳಿದು, ಒಟ್ಟಿಗೆ ಹತ್ತುತ್ತಿದ್ದರು. 1980ರ ದಶಕದಲ್ಲಿ ಕ್ರುತೊವ್, ಲಾರಿಯೊನೊವ್, ಮಕಾರೊವ್ ಮುಂದೆ, ಫೆಟಿಸೊವ್ ಮತ್ತು ಕಸಾತೊನೊವ್ ಹಿಂದೆ. ಅಭ್ಯಾಸದಲ್ಲಿ ಹಸಿರು ಜೆರ್ಸಿ ತೊಡುತ್ತಿದ್ದ ಕಾರಣ ಹೊರಗಿನವರು ಇವರನ್ನು 'ಗ್ರೀನ್ ಯೂನಿಟ್' ಅಂದರು. ಆದರೆ ಮುಂದೆ, ಹಿಂದೆ ಅನ್ನುವ ಮಾತು ಕಾಗದದ ಮೇಲಷ್ಟೇ. ಫೆಟಿಸೊವ್ ಪಕ್ ಸಮೇತ ಮುಂದೆ ನುಗ್ಗಿದರೆ ಅವರ ಜಾಗಕ್ಕೆ ಲಾರಿಯೊನೊವ್ ಸುಮ್ನೆ ಸರಿದು ನಿಲ್ಲುತ್ತಿದ್ದರು. ದಾರಿ ಕಾಣದಿದ್ದರೆ ಪಕ್ ಅನ್ನು ಕುರುಡಾಗಿ ಮುಂದೆ ಹೊಡೆಯುತ್ತಿರಲಿಲ್ಲ. ಹಿಂದಕ್ಕೆ ತಿರುಗಿ, ಮತ್ತೆ ಐವರೂ ಸೇರಿ ಕಟ್ಟುತ್ತಿದ್ದರು. ಹಳೆಯ ಪಂದ್ಯಗಳ ವಿಡಿಯೊ ನೋಡುವಾಗ ನನಗೆ ಅತಿ ಇಷ್ಟವಾಗುವುದು ಆ ಹಿಂದೆ ತಿರುಗುವ ಗಳಿಗೆ.

ಇಂಥ ಆಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಕೋಚ್ ವಿಕ್ಟರ್ ತಿಖೊನೊವ್ ವರ್ಷದ ಬಹುಪಾಲು ಆಟಗಾರರನ್ನು ಶಿಬಿರದಲ್ಲೇ ಇಡುತ್ತಿದ್ದರು. ಹೆಂಡತಿ ಮಕ್ಕಳು ಮಾಸ್ಕೋದಲ್ಲೇ ಇದ್ದರೂ ಅವರ ಮುಖ ನೋಡುವುದೇ ಅಪರೂಪ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್.ಎಚ್.ಎಲ್.ಗೆ ಹೋಗಲು ಫೆಟಿಸೊವ್ ಅನುಮತಿ ಕೇಳಿದಾಗ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕದ್ದು ಓಡಿಹೋಗುವ ದಾರಿ ಇತ್ತು, ಅವರು ಒಪ್ಪಲಿಲ್ಲ. ಹೋದರೆ ಮುಂಬಾಗಿಲಿನಿಂದಲೇ ಅಂತ ಹಟ ಹಿಡಿದರು. 1989ರ ವಿಶ್ವ ಚಾಂಪಿಯನ್‌ಷಿಪ್ ತಂಡದಿಂದ ಅವರನ್ನು ದೂರ ಇಟ್ಟಾಗ ಜೊತೆಗಾರರಲ್ಲಿ ಕೆಲವರು ಟಿವಿಯಲ್ಲೇ ಕೂತು, ಅವರಿಲ್ಲದೆ ನಾವೂ ಆಡುವುದಿಲ್ಲ ಅಂದರು.  ಫೆಟಿಸೊವ್ ತಂಡಕ್ಕೆ ಮರಳಿದರು, ಚಿನ್ನವೂ ಬಂತು.

ಅದೇ ವರ್ಷ, 31ನೇ ವಯಸ್ಸಿನಲ್ಲಿ, ಎನ್.ಎಚ್.ಎಲ್.ನ ನ್ಯೂಜೆರ್ಸಿ ಡೆವಿಲ್ಸ್ ತಂಡ ಸೇರಿದರು. ಅಲ್ಲಿ ಕಷ್ಟವಾಯಿತು. ಅಂಗಳ ಕಿರಿದು, ಮೈಗೆ ಮೈ ತಾಗಿಸುವುದು ಜಾಸ್ತಿ. ಪಕ್ ಅನ್ನು ಮುಂದೆ ಎಸೆದು ಬೆನ್ನಟ್ಟುವುದೇ ಅಲ್ಲಿನ ಪದ್ಧತಿ. ಹಿಂದಕ್ಕೆ ಪಾಸ್ ಕೊಟ್ಟರೆ ತೆಗೆದುಕೊಳ್ಳಲು ಯಾರೂ ಇರುತ್ತಿರಲಿಲ್ಲ. ವರ್ಷಗಟ್ಟಲೆ ಜೋಡಿಯಾಗಿ ಆಡಿದ ಕಸಾತೊನೊವ್ ಕೂಡ ಅದೇ ತಂಡಕ್ಕೆ ಬಂದರು. ಆದರೆ ಫೆಟಿಸೊವ್‌ಗೂ ತಿಖೊನೊವ್‌ಗೂ ಆದ ಜಗಳದಲ್ಲಿ ಇಬ್ಬರ ಮಾತು ಬಿಟ್ಟುಹೋಗಿತ್ತು. ಓದುವಾಗ ನನಗೆ ಅತಿ ನೋವಾಗುವ ಪುಟ ಇದು.

1995ರಲ್ಲಿ ಡೆಟ್ರಾಯಿಟ್ ರೆಡ್ ವಿಂಗ್ಸ್ ಅವರನ್ನು ಕರೆಸಿಕೊಂಡಿತು. ಕೋಚ್ ಸ್ಕಾಟಿ ಬೋಮನ್ ಆ ವರ್ಷದ ಅಕ್ಟೋಬರ್ 27ರಂದು ಕ್ಯಾಲ್ಗರಿ ಪಂದ್ಯದಲ್ಲಿ ಐವರು ರಷ್ಯನ್ನರನ್ನು ಒಟ್ಟಿಗೆ ಇಳಿಸಿದರು: ಫೆಟಿಸೊವ್, ಕಾನ್‌ಸ್ಟಾಂಟಿನೊವ್, ಲಾರಿಯೊನೊವ್, ಫೆಡೊರೊವ್, ಕೊಜ್ಲೊವ್. ಪ್ಯತ್ಯೋರ್ಕಾ ಅಮೆರಿಕದಲ್ಲಿ ಮತ್ತೆ ಹುಟ್ಟಿತು. 37 ವರ್ಷದ ಫೆಟಿಸೊವ್ ಹಿಂದೆ ಪಾಸ್ ಕೊಟ್ಟರೆ ಈಗ ಅಲ್ಲಿ ಒಬ್ಬರು ಇರುತ್ತಿದ್ದರು. ಆ ಋತುವಿನಲ್ಲಿ ತಂಡ 62 ಪಂದ್ಯ ಗೆದ್ದಿತು. 1997ರ ಜೂನ್ 7ರಂದು ಎನ್.ಎಚ್.ಎಲ್. ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಬಂತು, ಡೆಟ್ರಾಯಿಟ್ ಅದಕ್ಕಾಗಿ ಕಾದಿದ್ದು 42 ವರ್ಷ. ನಾಯಕ ಸ್ಟೀವ್ ಐಜರ್‌ಮನ್ ಆಟಗಾರರಲ್ಲಿ ಮೊದಲು ಕಪ್ ಕೊಟ್ಟಿದ್ದು ಫೆಟಿಸೊವ್ ಕೈಗೆ. ಅವರು ಒಬ್ಬರೇ ಎತ್ತಲಿಲ್ಲ. ಲಾರಿಯೊನೊವ್ ಅವರನ್ನು ಕರೆದು, ಇಬ್ಬರೂ ಸೇರಿ ಹಿಡಿದು ಸುತ್ತು ಹಾಕಿದರು.

ಆರೇ ದಿನ. ಜೂನ್ 13ರಂದು ಅವರಿದ್ದ ಬಾಡಿಗೆ ಕಾರು ಮರಕ್ಕೆ ಗುದ್ದಿತು. ಫೆಟಿಸೊವ್ ಗಾಯಗೊಂಡು ಚೇತರಿಸಿಕೊಂಡರು. ಜೊತೆಗಿದ್ದ ಇನ್ನೊಬ್ಬ ಡಿಫೆಂಡರ್ ಕಾನ್‌ಸ್ಟಾಂಟಿನೊವ್ ತಲೆಗೆ ತೀವ್ರ ಪೆಟ್ಟಾಗಿ ಮತ್ತೆಂದೂ ಆಡಲಿಲ್ಲ. ತಂಡದ ಮಸಾಜ್ ತಜ್ಞ ಸೆರ್ಗೆಯ್ ಮ್ನಾತ್ಸಕಾನೊವ್ ಕೂಡ ತೀವ್ರವಾಗಿ ಗಾಯಗೊಂಡರು. ಮುಂದಿನ ಇಡೀ ಋತು ಆಟಗಾರರ ಜೆರ್ಸಿಯ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳು, ಜೊತೆಗೆ 'ನಂಬಿದ್ದೇವೆ' ಅನ್ನುವ ರಷ್ಯನ್ ಪದ. 1998ರ ಜೂನ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮತ್ತೆ ಕಪ್ ಗೆದ್ದಾಗ ಗಾಲಿಕುರ್ಚಿಯಲ್ಲಿ ಕಾನ್‌ಸ್ಟಾಂಟಿನೊವ್ ಅವರನ್ನು ಐಸ್ ಮೇಲೆ ಕರೆತಂದರು. ಕಪ್ ಅವರ ತೊಡೆಯ ಮೇಲಿತ್ತು.

ಎನ್.ಎಚ್.ಎಲ್.ನಲ್ಲಿ ಫೆಟಿಸೊವ್ ಅವರಿಗೆ ಅದೇ ಕೊನೆಯ ಋತು. ಆಮೇಲೆ ಕೋಚ್ ಆದರು, ರಷ್ಯಾದ ಕ್ರೀಡಾ ಇಲಾಖೆ ನಡೆಸಿದರು. 2001ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. 2009ರ ಡಿಸೆಂಬರ್‌ನಲ್ಲಿ ಸಿ.ಎಸ್.ಕೆ.ಎ. ತಂಡದ ಡಿಫೆಂಡರ್ ಒಬ್ಬರು ಗಾಯಗೊಂಡರು. ಕ್ಲಬ್ಬಿನ ಅಧ್ಯಕ್ಷರಾಗಿದ್ದ ಫೆಟಿಸೊವ್ ಅವರಿಗೆ ಆಗ 51 ವರ್ಷ. ಸ್ಕೇಟ್ ಕಟ್ಟಿಕೊಂಡು ಆ ಜಾಗದಲ್ಲಿ ತಾವೇ ಇಳಿದರು. ಒಂದೇ ಪಂದ್ಯ, ಸೇಂಟ್ ಪೀಟರ್ಸ್‌ಬರ್ಗ್ ತಂಡದ ಎದುರು.